ಮಗುಚಿ ಹಿಡಿದ ಗಿಂಡಿ

ಎಪ್ಪತ್ತನಾಲ್ಕನೆಯ ಇಸವಿಯ ಮಾಘ ಮಾಸದಲ್ಲಿ ನಮ್ಮ ಮನೆಯ ಒಂದು ಲೋಟವೂ ಇರಬೇಕಾದ ಜಾಗದಲ್ಲಿ ಇರಲಿಲ್ಲ. ನೀರು ಕುಡಿಯಬೇಕೆಂದರೆ ಬಚ್ಚಲಿಗೆ ಹೋಗಿ ಬಕೆಟ್ಟಿನ ತಳದಲ್ಲಿ ತಡಕಬೇಕಾಗಿತ್ತು. ಅಲ್ಲಿ ಲೋಟ ಬೋರಲಾಗಿ ಮುಳುಗಿರುತ್ತಿತ್ತು. ಒಳಗೆ ಕಾಗದದ ಉಂಡೆ, ಮೇಲೆದ್ದು ಬಾರದಂತೆ ಅದರ ತಲೆಯ ಮೇಲೆ ಗಂಧ ತೇಯುವ ಸಾಣೆಕಲ್ಲು. ಲೋಟದೊಳಗೆ ಗಾಳಿ ತುಂಬಿರುವುದರಿಂದ ನೀರು ಒಳಗೆ ಬರುವುದಿಲ್ಲ, ಕಾಗದ ಒಣಗಿಯೇ ಇರುತ್ತದೆ ಎಂಬುದು ನನ್ನ ಮಗಳು ವಸುಮತಿಯ ಸಿದ್ಧಾಂತ. ಕಾಗದ ಒಣಗಿಯೇ ಇರುತ್ತಿತ್ತು, ನಾನು ಇಲ್ಲವೆನ್ನುವುದಿಲ್ಲ. ಆದರೆ ಅದು ತವರಿನಿಂದ ನನ್ನ ತಮ್ಮ ಬರೆದ ಕಾಗದವಾಗಿರುತ್ತಿತ್ತು. ನಾನಿನ್ನೂ ಉತ್ತರ ಬರೆದಿರಲಿಲ್ಲ.

ವಸು ಆಗ ಐದನೆಯ ತರಗತಿ. ನೀರು ಮತ್ತು ಗಾಳಿಯ ಮೇಲೆ ಮನೆಯಲ್ಲೇ ಹತ್ತು ಪ್ರಯೋಗ ಮಾಡಿ ಕಾಪಿ ಪುಸ್ತಕದಲ್ಲಿ ಬರೆದು ತನ್ನಿ ಎಂದು ಶಾಲೆಯಲ್ಲಿ ಅವಳಿಗೆ ಪಾಠ ಹೇಳುವ ಬೆಹನ್‌ಜಿ ಹೇಳಿದ್ದರು. ಇವಳು ಹದಿನಾಲ್ಕು ಮಾಡಿ ಮುಗಿಸಿದ್ದಳು. ಬೆಹನ್‌ಜಿಗೆ ಕಾಶಿಯ ಈ ಭೇಲೂಪುರದ ಮನೆಗಳಲ್ಲಿ ನಲ್ಲಿ ಬೆಳಿಗ್ಗೆ ಎರಡೇ ಗಂಟೆ ಬರುತ್ತದೆಂದು ತಿಳಿಯದೆ? ರೈಲ್ವೆಯವರು ನನ್ನ ಗಂಡನನ್ನು ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗ ಮಾಡಿದಂದಿನಿಂದ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನು ಒಂದೊಂದು ಬಕೆಟ್ ನೀರನ್ನೂ ಲೆಕ್ಕವಿಟ್ಟು ಬಳಸುತ್ತಿದ್ದೆ. ಆ ನೀರಿನಲ್ಲಿ ಈ ಹುಡುಗಿ ದಿನವಿಡೀ ಗುಳ್ಳೆ ಎಬ್ಬಿಸುತ್ತಿದ್ದಳು. ಪಪ್ಪಾಯಿ ಎಲೆಯ ದಂಟನ್ನು ಕೊಳವೆ ಮಾಡಿಕೊಂಡು ನೀರೊಳಗೆ ಅದ್ದುವಳು, ಮೇಲಿನ ಬಾಯಿಗೆ ಬೆರಳೊತ್ತಿ ಎತ್ತುವಳು. ಬೆರಳು ಇರುವ ತನಕ ನೀರು ಒಳಗೇ ನಿಲ್ಲುತ್ತಿತ್ತು. ಬೆರಳು ತೆಗೆದರೆ ದಂಟಿನ ನೀರೆಲ್ಲ ನಾನು ಆಗಷ್ಟೇ ಒರೆಸಿದ ನೆಲದ ಮೇಲೆ.

"ವಸು, ಸಾಕು."

"ಅವ್ವಾ, ದೇಖೋ ನಾ! ಗಾಳಿ ಒಳಗ ಹೋಗೂತನಕ ನೀರು ಹೊರಗ ಬರಂಗಿಲ್ಲ."

"ನೀ ಹೊರಗ ಹೋಗೂತನಕ ನನ್ನ ಕೆಲಸ ಮುಗಿಯಂಗಿಲ್ಲ. ನಡಿ."

ಇಂಥ ಹೊತ್ತಿನಲ್ಲೇ ಗದಗಿನಿಂದ ನನ್ನ ಗಂಡನ ಅಕ್ಕ ಸುಭದ್ರಕ್ಕ ಬಂದರು, ಜೊತೆಗೆ ಅವರ ಯಜಮಾನರು ಜಯತೀರ್ಥ ಭಾವ. ಭಾವನವರು ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದ ಮಿತಭಾಷಿ. ಬಂದ ದಿನದಿಂದ ಹಿಂದಿ ಪತ್ರಿಕೆ ಹಿಡಿದು ಕೂಡಿಸಿ ಕೂಡಿಸಿ ಓದುತ್ತ ಕೂತಿದ್ದರು. ಸುಭದ್ರಕ್ಕನ ಮಡಿ ಮಾತ್ರ ಮನೆಯ ತುಂಬ ಹರಡಿಕೊಂಡಿತ್ತು. ಅವರ ಒಣಗಿದ ಸೀರೆಗೆ ತಾಕಬಾರದು, ಅವರ ತಂಬಿಗೆ ಮುಟ್ಟಬಾರದು. ಎರಡು ಕೋಣೆಯ ಮನೆಯಲ್ಲಿ ಹತ್ತು ವರ್ಷದ ಹುಡುಗಿ ಇದೆಲ್ಲ ತಪ್ಪಿಸಿ ನಡೆಯಬೇಕಾದರೆ ಹಾರಬೇಕು.

"ಹೆಣ್ಣ ಹುಡುಗಿ ಇಷ್ಟು ನೀರಾಗ ಆಡಿದ್ರ ನೆಗಡಿ ಅಷ್ಟ ಬರತದ, ಬುದ್ಧಿ ಬರಂಗಿಲ್ಲ ಕಾಮಾಕ್ಷಿ," ಎಂದು ಅವರು ನನಗೆ ದಿನಕ್ಕೊಮ್ಮೆ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಅವರು ಬಂದ ಕೆಲಸ ಎಂಥದೆಂದು ನನಗೆ ಗೊತ್ತಿತ್ತು, ಹಾಗಾಗಿ ಅವರ ಯಾವ ಮಾತಿಗೂ ನನಗೆ ಸಿಟ್ಟು ಬರುತ್ತಿರಲಿಲ್ಲ. ಬಂದರೂ ಹಿಟ್ಟು ನಾದುವುದರಲ್ಲಿ ಇಳಿಸಿಕೊಳ್ಳುತ್ತಿದ್ದೆ.

ಕಾಶಿಗೆ ಬಂದವರು ತಾಮ್ರದ ಗಿಂಡಿಯಲ್ಲಿ ಗಂಗೆ ತುಂಬಿಸಿ, ಬಾಯಿಗೆ ಬೆಸುಗೆ ಹಾಕಿಸಿ ಊರಿಗೆ ಒಯ್ಯುತ್ತಾರೆ. ಊರಲ್ಲಿ ಗಂಗಾ ಸಮಾರಾಧನೆ ಎಂದು ನೆಂಟರನ್ನೆಲ್ಲ ಕರೆದು, ಗಿಂಡಿಗೆ ಪೂಜೆ ಮಾಡಿ, ಎಲ್ಲರೆದುರು ಬೆಸುಗೆ ಬಿಡಿಸಿ ತೀರ್ಥ ಕೊಡುತ್ತಾರೆ. ನಾಲ್ಕು ವರ್ಷದ ಹಿಂದೆ ಸುಭದ್ರಕ್ಕ ಯಾತ್ರೆಯ ಗುಂಪಿನ ಜೊತೆ ಬಂದು ಹೀಗೆಯೇ ಒಯ್ದಿದ್ದರು. ನೂರು ಎಲೆ ಹಾಕಿದ್ದ ದಿನ, ಎಲ್ಲರೆದುರು ಗಿಂಡಿಯ ಬಾಯಿ ಬಿಡಿಸಿ ಬಗ್ಗಿಸಿದರೆ ಒಂದು ಉದ್ಧರಣೆ ನೀರೂ ಬೀಳಲಿಲ್ಲ. ಅವರ ಅತ್ತೆ ಅಲ್ಲೇ ಕೂತಿದ್ದರಂತೆ. "ಗಂಗಾ ನಿನ್ನ ಕೈಯಾಗ ನಿಲ್ಲಲಿಲ್ಲ ನೋಡು ಸುಭದ್ರಾ," ಎಂದಷ್ಟೇ ಅಂದರಂತೆ. ಮುಂದಿನ ತಿಂಗಳು ಆ ಮುದುಕಿ ತೀರಿಕೊಂಡಾಗ ಬಾಯಿಗೆ ಬಿಡಲು ಪಕ್ಕದ ಮನೆಯಿಂದ ಗಂಗೆ ತಂದರು. ಅಂದಿನಿಂದ ಸುಭದ್ರಕ್ಕ ಯಾರ ಮನೆಯ ಶುಭಕಾರ್ಯದಲ್ಲೂ ಮುಂದೆ ನಿಂತವರಲ್ಲ. ಆರತಿ ತಟ್ಟೆ ಕೊಟ್ಟರೆ ಹಿಂದಿನವರ ಕೈಗೆ ದಾಟಿಸುತ್ತಿದ್ದರು. ಈ ಸಲ ಅವರು ನೆಂಟರಿಗೆಂದು ಏಳು ಸಣ್ಣ ಹೊಸ ಗಿಂಡಿ ಕೊಂಡರು. ತಮ್ಮ ಮನೆಗೆ ಮಾತ್ರ ಹೊಸದು ಕೊಳ್ಳಲಿಲ್ಲ. ಅದೇ ಹಳೆಯ ದೊಡ್ಡ ಗಿಂಡಿಯನ್ನೇ ಸೀರೆಯಲ್ಲಿ ಸುತ್ತಿ ಗದಗಿನಿಂದ ತಂದಿದ್ದರು.

"ಬರೂದಿದ್ರ ಇದರಾಗ ಬರಲಿ," ಎಂದಿದ್ದರು. "ಇದರಾಗ ಬರದಿದ್ರ ಮತ್ತ ನಾ ಕೇಳಂಗಿಲ್ಲ."

ಹೊರಡುವ ಹಿಂದಿನ ದಿನ ಕೇದಾರ ಘಾಟಿನ ಗಲ್ಲಿಯ ತಾಮ್ರಗಾರನ ಹತ್ತಿರ ಎಂಟಕ್ಕೂ ಗಂಗೆ ತುಂಬಿಸಿ ಬೆಸುಗೆ ಹಾಕಿಸಿದೆವು. ಸುಭದ್ರಕ್ಕ ಅವನ್ನು ತಂದು ದೇವರ ಗೂಡಿನಲ್ಲಿ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ಆಮೇಲೆ ಅವರು ಹತ್ತು ಸಲವಾದರೂ ದೊಡ್ಡ ಗಿಂಡಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಗುಳುಗುಳು ಸದ್ದು ಕೇಳಿದ್ದನ್ನು ನಾನು ನೋಡಿದೆ. ವಸುವೂ ನೋಡಿದ್ದಳು. ಅದನ್ನು ನಾನು ಗಮನಿಸಬೇಕಾಗಿತ್ತು.

ಮರುದಿನ ಸಂಜೆ ರೈಲು. ಮೂರು ದಿನದ ಪ್ರಯಾಣಕ್ಕೆ ಚಪಾತಿ, ಅವಲಕ್ಕಿ, ಹುಳಿಯನ್ನ ಕಟ್ಟಬೇಕು. ಗಂಡ ಕಚೇರಿಗೆ ಹೋಗಿಯಾಗಿತ್ತು, ಶಾಲೆಗೆ ರಜೆ. ಸುಭದ್ರಕ್ಕ ತಲೆಯ ಮೇಲೆ ಎರೆದುಕೊಳ್ಳಲೆಂದು ಶೇಗಡಿಗೆ ಮೂರು ಸಲ ಇದ್ದಿಲು ಹಾಕಿ ಒಂದು ಹಂಡೆ ನೀರು ಕಾಯಿಸಿ ಬಚ್ಚಲಲ್ಲಿ ಇಟ್ಟಿದ್ದೆ. ಅವರು ತಾರಸಿಯ ಬಿಸಿಲಲ್ಲಿ ಮಡಿಸೀರೆ ಒಣಗಿತೇ ನೋಡಲು ಹೋದರು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಸುಮಾರು ಇಪ್ಪತ್ತು ಚಪಾತಿಯಾಗುವ ಹೊತ್ತಿಗೆ ಮನೆ ತೀರಾ ಶಾಂತವಾಗಿದೆ ಎನಿಸಿತು. ವಸು ಇರುವ ಮನೆಯಲ್ಲಿ ಶಾಂತಿ ಒಳ್ಳೆಯ ಲಕ್ಷಣವಲ್ಲ. ಲಟ್ಟಣಿಗೆ ಕೈಯಲ್ಲಿ ಹಿಡಿದೇ ಬಚ್ಚಲಿಗೆ ಹೋದೆ.

ಬಚ್ಚಲ ಕಟ್ಟೆಯ ಮೇಲೆ ಏಳು ಗಿಂಡಿಗಳು ಒದ್ದೆಯಾಗಿ ಸಾಲಾಗಿ ಕೂತಿದ್ದವು. ಕುಂಕುಮ ತೊಳೆದುಹೋಗಿತ್ತು. ಎಂಟನೆಯದನ್ನು, ಆ ದೊಡ್ಡದನ್ನು, ವಸು ಎರಡೂ ಕೈಯಲ್ಲಿ ತಲೆಕೆಳಗಾಗಿ ಹಿಡಿದು ಬಿಸಿನೀರಿನ ಹಂಡೆಯೊಳಗೆ ಮುಳುಗಿಸಿದ್ದಳು.

"ವಸೂ!"

"ಶೂ, ಅವ್ವಾ. ಬುಲ್‌ಬುಲೇ ಎಣಸಾಕತ್ತೀನಿ."

"ಗುಳ್ಳಿ ಎಣಸ್ತೀಯಾ? ಇವತ್ತು ನಿನ್ನ ಬೆನ್ನ ಮ್ಯಾಲೆ ನಾ ಎಣಸ್ತೀನಿ ತಡಿ! ಯಾರನ್ನ ಕೇಳಿ ಮುಟ್ಟಿದಿ?"

ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಬಂತು. ಸುಭದ್ರಕ್ಕ ಮಡಿಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಅಯ್ಯೋ ರಾಮ! ನಳದ ನೀರಾಗ ಗಂಗೀನ ಮುಳುಗಿಸ್ಯಾಳಲ್ಲೋ! ರೀ, ಬರ್ರಿ ಇಲ್ಲೆ, ನೋಡ್ರಿ ನಿಮ್ಮ ಅಳಿಯನ ಮಗಳು ಮಾಡಿದ್ದು!"

ನನ್ನ ಗಂಡ ಭಾವನವರಿಗೆ ಅಳಿಯನಲ್ಲ, ಹೆಂಡತಿಯ ತಮ್ಮ. ಗಾಬರಿಯಲ್ಲಿ ಸುಭದ್ರಕ್ಕನಿಗೆ ಸಂಬಂಧವೇ ತಪ್ಪಿಹೋಗಿತ್ತು. ಭಾವನವರು ಪತ್ರಿಕೆ ಸಮೇತ ಎದ್ದು ಬಂದರು. ನಾನು ವಸುವಿನ ರಟ್ಟೆ ಹಿಡಿದೆಳೆದೆ. ಅವಳು ಗಿಂಡಿ ಬಿಡಲಿಲ್ಲ.

"ಹೊಡಿ ಬೇಕಾದ್ರ, ಆದ್ರ ಮೊದಲ ನೋಡು! ಅತ್ಯಾನ ಗಿಂಡಿ ಸೋರತದ. ಉಳದ ಏಳೂ ಛಲೋ ಅವ, ಇದೊಂದ ಸೋರತದ."

"ಸೋರತದಂತ! ನಿನ್ನಿಯಿಂದ ಗೂಡಿನಾಗ ಇಟ್ಟೇನಿ, ಹನಿ ನೀರು ಕೆಳಗ ಬಿದ್ದಿಲ್ಲ," ಎಂದರು ಸುಭದ್ರಕ್ಕ. ಆದರೆ ಅವರ ದನಿಯಲ್ಲಿದ್ದ ಸಿಟ್ಟು ಅರ್ಧದಲ್ಲೇ ಮುರಿಯಿತು. ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಮಡಿಸೀರೆ ಹಸಿ ನೆಲಕ್ಕೆ ತಾಕಿದ್ದೂ ಅವರಿಗೆ ತಿಳಿಯಲಿಲ್ಲ. "ಬಿಡು ಕಾಮಾಕ್ಷಿ, ಕೂಸಿಗೆ ಹೊಡೀಬ್ಯಾಡ. ನನಗ ಗಂಗೀ ಋಣ ಇಲ್ಲ. ಎಂಟೂ ಹೊಳಿಗೆ ಸುರುವಿ ಬರ್ತೀನಿ. ಬರೇ ಕೈಲೆ ಹೋಗ್ತೀನಿ."

ಎತ್ತಿದ ಕೈ ಹಾಗೇ ಉಳಿಯಿತು. ಸಿಟ್ಟು ಬಂದಿತ್ತು ನಿಜ, ವಸುವಿನ ಮೇಲೆ, ಬೆಹನ್‌ಜಿಯ ಮೇಲೆ, ಆರುತ್ತಿದ್ದ ಹಂಡೆಯ ಮೇಲೆ, ಒಲೆಯ ಮೇಲೆ ಸೀಯುತ್ತಿದ್ದ ಚಪಾತಿಯ ಮೇಲೆ. ಆದರೂ ಆ ಹುಡುಗಿ ಸುಳ್ಳು ಹೇಳುವವಳಲ್ಲ. ಬಗ್ಗಿ ನೋಡಿದೆ.

ತಲೆಕೆಳಗಾದ ಗಿಂಡಿಯ ತಳ ಈಗ ಮೇಲಿತ್ತು. ತಳದ ತಟ್ಟೆಯೂ ಒಡಲೂ ಕೂಡುವ ಜೋಡಣೆಯಿಂದ ಸಾಸಿವೆಯಷ್ಟು ಒಂದು ಗುಳ್ಳೆ ಊದಿ ಬಿಟ್ಟುಕೊಂಡು ಮೇಲೆ ಬಂತು. ಅದರ ಹಿಂದೆ ಇನ್ನೊಂದು, ಅದೇ ಜಾಗದಿಂದ. ಮತ್ತೊಂದು.

"ಬಿಸಿ ಆದ್ರ ಗಾಳಿ ಹಿಗ್ಗತದ, ಅವ್ವಾ," ವಸು ಒಂದೇ ಉಸಿರಿನಲ್ಲಿ ಹೇಳಿದಳು. "ಮೊನ್ನೆ ಖಾಲಿ ಶಾಯಿ ಬಾಟ್ಲಿ ಬಿಸಿನೀರಾಗ ಹಾಕಿದಾಗ ಮುಚ್ಚಳದ ಸಂದಿಯಿಂದ ಹಿಂಗ ಬಂತು. ಗಿಂಡಿ ನೆಟ್ಟಗ ಹಿಡದಾಗ ಏನೂ ಬರಲಿಲ್ಲ. ಗಾಳಿ ಮ್ಯಾಲಿರತದಲ್ಲ, ತೂತು ತಳದಾಗ ಅದ. ಅದಕ್ಕ ಮಗುಚಿದೆ. ಅತ್ಯಾ ನಿನ್ನಿಯಿಂದ ಅಲ್ಲಾಡ್ಸಿ ಅಲ್ಲಾಡ್ಸಿ ನೋಡ್ತಿದ್ಲು. ಅಲ್ಲಾಡ್ಸಿದ್ರ ಗೊತ್ತಾಗಂಗಿಲ್ಲ. ಅದಕ್ಕ ನಾನ ನೋಡಿ ಹೇಳೋಣು ಅಂತ."

ಭಾವನವರು ಕನ್ನಡಕ ಮೇಲೇರಿಸಿ ಹಂಡೆಯೊಳಗೆ ಇಣುಕಿದರು. ಹತ್ತು ದಿನದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದಿರಬೇಕು: "ಸೈಕಲ್ ಅಂಗಡ್ಯಾಂವ ಪಂಕ್ಚರ್ ನೋಡೂದೂ ಹಿಂಗ. ಏ ಸುಭದ್ರಾ, ಏಳು. ಇದು ಪಂಕ್ಚರ್ ಆಗೇದ."

"ಹನಿ ಬಿದ್ದಿಲ್ಲಲ್ರೀ ನಿನ್ನಿಯಿಂದ?"

"ಮ್ಯಾಲೆ ಬಾಯಿ ಮುಚ್ಚೇದಲ್ಲ ಅತ್ಯಾ," ಎಂದಳು ವಸು. "ದಂಟಿನ ಮ್ಯಾಲೆ ಬೆರಳ ಇಟ್ಟಂಗ. ರೈಲಿನಾಗ ಆಡತದ, ಬಿಸಲಿಗೆ ಗಾಳಿ ಹಿಗ್ಗಿ ನೀರ ದೂಕತದ, ಆವಾಗ ಸೋರತದ."

ಸುಭದ್ರಕ್ಕ ಏಳಲಿಲ್ಲ. ಗೋಡೆಯ ಕಡೆ ನೋಡುತ್ತ ನಿಧಾನವಾಗಿ ಕೇಳಿದರು, "ಆವಾಗೂ ಇದ ಗಿಂಡಿ. ಆವಾಗೂ ಸೋರಿತ್ತೇನು?"

ಹೌದು ಎಂದುಬಿಡೇ ಎಂದು ನಾನು ಮನಸ್ಸಿನಲ್ಲೇ ವಸುವಿಗೆ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಅದು ನಂಗ ಗೊತ್ತಿಲ್ಲ. ಬಾಯಿ ಬಿಡಿಸಿ ನೋಡಬೇಕು. ಬಿಡಿಸಿದ್ರ ಹನಿ ಬೀಳಬೇಕು. ಬೀಳಲಿಲ್ಲಂದ್ರ ನಂದ ತಪ್ಪು."

ಮಗುವಿಗೆ ಒಂದು ಸಣ್ಣ ಸುಳ್ಳೂ ಬರುವುದಿಲ್ಲವಲ್ಲ ಎಂದು ನನಗೆ ಮತ್ತೆ ಸಿಟ್ಟು ಬಂತು.

ಗಂಟೆ ಹನ್ನೊಂದೂವರೆ. ಒಲೆ ಆರಿಸಿ, ಅರ್ಧಕ್ಕೆ ನಿಂತ ಚಪಾತಿ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಎಂಟು ಗಿಂಡಿಗಳನ್ನು ಬುಟ್ಟಿಯಲ್ಲಿಟ್ಟು ರಿಕ್ಷಾ ಹತ್ತಿದೆವು. ಭಾವನವರು ಪತ್ರಿಕೆ ಬಿಟ್ಟು ಬಂದಿದ್ದರು. ವಸು ಶಾಲೆಯ ಕಾಪಿ ತರಲೇ ಬೇಡವೇ ಎಂದು ಹೊರಡುವಾಗ ಮೂರು ಸಲ ಕೇಳಿ, ನಾನು ಬೇಡವೆಂದ ಮೇಲೆ ಫ್ರಾಕಿನೊಳಗೆ ಬಚ್ಚಿಟ್ಟುಕೊಂಡು ತಂದಿದ್ದಳು.

ತಾಮ್ರಗಾರ ಮೂವತ್ತು ವರ್ಷದಿಂದ ಹಾಕುತ್ತಿರುವ ತನ್ನ ಬೆಸುಗೆಯ ಮೇಲೆ ಆರೋಪ ಬಂತೆಂದು ತಿಳಿದು ಮೊದಲು ಜಗಳಕ್ಕೇ ನಿಂತ. "ಹಮಾರ್ ಟಾಂಕಾ? ಕಬ್ಬೋ ನಾಹೀಂ! ತೀಸ್ ಬರಸ್ ಸೇ ಲಗಾವತ್ ಹಈಂ, ಮಾಈ!"

"ಊಪರ್ ವಾಲಾ ಟಾಂಕಾ ಠೀಕ್ ಹೈ ಚಾಚಾ," ಎಂದು ವಸು ಅವನಿಗೆ ಸಮಾಧಾನ ಹೇಳಿದಳು. "ನೀಚೇ ಛೇದ್ ಹೈ. ಖೋಲಿಯೇ, ದಿಖಾತೀ ಹೂಂ."

ಮೇಲಿನ ಬೆಸುಗೆ ಸರಿಯಿದೆ, ತೂತು ಕೆಳಗಿದೆ ಎಂದದ್ದಕ್ಕೆ ಅವನು ಗೊಣಗುತ್ತ ಗಿಂಡಿಯ ಹೊರಮೈ ಒಣಬಟ್ಟೆಯಿಂದ ಒರೆಸಿ, ಕಾದ ಕಬ್ಬಿಣ ತಾಕಿಸಿ ಬಾಯಿಯ ಬೆಸುಗೆ ಬಿಡಿಸಿದ. ಮುಚ್ಚಳ ಎತ್ತಿದ. ಗಿಂಡಿಯನ್ನು ನೆಟ್ಟಗೆ, ಗಾಳಿಯಲ್ಲಿ ಎತ್ತಿ ಹಿಡಿದ. ಎಲ್ಲರೂ ತಳ ನೋಡುತ್ತಿದ್ದೆವು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ವಸು ತುಟಿ ಕಚ್ಚಿಕೊಂಡಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಆಮೇಲೆ ತಳದ ಅಂಚಿನಲ್ಲಿ ಒಂದು ಮಿನುಗು ಕಂಡಿತು, ಅದು ಜೋತು ಹನಿಯಾಯಿತು. ಹನಿ ಅಂಗಡಿಯ ಬೂದಿಯ ಮೇಲೆ ಟಪ್ಪೆಂದು ಬಿತ್ತು. ಸುಭದ್ರಕ್ಕ ಕೈ ಚಾಚಿದರು. ಎರಡನೆಯ ಹನಿ ಅವರ ಅಂಗೈ ಮೇಲೆ ಬಿತ್ತು, ಮೂರನೆಯದೂ.

"ಮುಚ್ಚಿ ನೋಡ್ರಿ," ಎಂದರು. ತಾಮ್ರಗಾರನಿಗೆ ಕನ್ನಡ ಬಾರದು, ಆದರೂ ತಿಳಿಯಿತು. ಬಾಯಿಗೆ ಹೆಬ್ಬೆರಳು ಒತ್ತಿದ. ಹನಿ ನಿಂತಿತು. ತೆಗೆದ. ಮತ್ತೆ ಬಿತ್ತು.

"ನಿನ್ನಿ ತುಂಬಿಸಿದಾಗ ಕೆಳಗ ಒದ್ದೆ ಇತ್ತು," ಎಂದರು ಸುಭದ್ರಕ್ಕ. "ಆವಾಗೂ ಇತ್ತು. ಹೊಳಿ ದಂಡಿ, ಎಲ್ಲಾ ಒದ್ದೀನ ಅಂತ ನಾ ಸೆರಗಲೆ ಒರಸಿದ್ದೆ." ಅವರು ಅಂಗೈಯ ನೀರನ್ನು ನೋಡುತ್ತಲೇ ಇದ್ದರು. "ನಾಲ್ಕು ವರ್ಷ ಕಾಮಾಕ್ಷಿ. ಆ ಮುದುಕಿ ನನ್ನ ಮಾರಿ ನೋಡಕೋತ ಹೋದಳು. ತೂತಂತ. ಸೂಜಿಮೊನಿಯಷ್ಟು ತೂತು!"

ಅಳುತ್ತಾರೆಂದುಕೊಂಡೆ. ಅವರು ಅಳಲಿಲ್ಲ, ಗಂಡನ ಕಡೆ ತಿರುಗಿದರು. "ನೀವು ದಿನಾ ಸೈಕಲ್ ತುಳೀತೀರಿ. ಇಪ್ಪತ್ತು ವರ್ಷದಾಗ ಎಷ್ಟು ಪಂಕ್ಚರ್ ಹಾಕಿಸೀರಿ? ಒಮ್ಮೆರ ಹೊಳೀಲಿಲ್ಲಲ್ಲ ನಿಮಗ!"

ಭಾವನವರು ಪತ್ರಿಕೆ ಬಿಟ್ಟು ಬಂದದ್ದಕ್ಕೆ ಆಗ ಪಶ್ಚಾತ್ತಾಪ ಪಟ್ಟಿರಬೇಕು.

ತಾಮ್ರಗಾರ ಗಿಂಡಿ ಖಾಲಿ ಮಾಡಿ ಒಣಗಿಸಿ ತಳದ ಸುತ್ತ ಹೊಸದಾಗಿ ಬೆಸುಗೆ ಹರಿಸಿದ. ಅಷ್ಟರಲ್ಲಿ ನಾವು ಮೆಟ್ಟಿಲಿಳಿದು ಉಳಿದ ಏಳನ್ನೂ ಗಂಗೆಯಲ್ಲಿ ಅದ್ದಿ ನಳದ ನೀರಿನ ಮೈಲಿಗೆ ಕಳೆದೆವು. ದೊಡ್ಡ ಗಿಂಡಿಯನ್ನು ಸುಭದ್ರಕ್ಕ ತಾವೇ ಸೊಂಟದ ಮಟ್ಟ ಇಳಿದು ಹೊಸದಾಗಿ ತುಂಬಿಸಿ ತಂದರು. ಬಾಯಿಗೆ ಬೆಸುಗೆಯಾಯಿತು. ಇನ್ನು ಮನೆಗೆ ಹೋಗಬಹುದೆಂದು ನಾನು ಬುಟ್ಟಿ ಎತ್ತಿದೆ. ಹಿಟ್ಟು ಒಣಗುತ್ತಿತ್ತು.

"ತಡಿ," ಎಂದರು ಸುಭದ್ರಕ್ಕ. "ವಸೂ, ಮತ್ತ ನೋಡಬೇಕಲ್ಲ? ಬಿಸಿನೀರು ಬೇಕಲ್ಲ?"

"ಬೇಕು ಅತ್ಯಾ. ಭಾಳ ಬ್ಯಾಡ, ಕೈ ಸುಡದಷ್ಟು."

"ಇಲ್ಲೆ ನಳದ ನೀರು ಬ್ಯಾಡ. ಗಂಗೀನ ಕಾಸೋಣು." ಹೇಳಿ ಅವರೇ ತಡೆದು ನಿಂತರು. "ಗಂಗೀನ ಬೆಂಕಿ ಮ್ಯಾಲೆ ಇಡಬಹುದೇನ್ರಿ?"

ಭಾವನವರು ಈಗ ಬಹಳ ಎಚ್ಚರಿಕೆಯಿಂದ ಮಾತಾಡಿದರು. "ಬ್ಯಾಸಗ್ಯಾಗ ಬಿಸಲಿಗೆ ಕಾಯತದಲ್ಲ ಹೊಳಿ. ಅಷ್ಟ ಬೆಚ್ಚಗ ಮಾಡಿದ್ರ ಆತು."

ತಾಮ್ರಗಾರನ ಕುಲುಮೆಯ ಮೇಲೆ ಅವನದೇ ಹೊಸ ಪಾತ್ರೆಯಲ್ಲಿ ಗಂಗೆ ಬೆಚ್ಚಗಾಯಿತು. ಸುಭದ್ರಕ್ಕ ಬಳೆ ಹಿಂದೆ ಸರಿಸಿ, ಗಿಂಡಿಯನ್ನು ತಲೆಕೆಳಗು ಮಾಡಿ ಮುಳುಗಿಸಿದರು. ವಸು ಪಾತ್ರೆಯ ಅಂಚಿಗೆ ಗಲ್ಲವಿಟ್ಟು ನೋಡುತ್ತಿದ್ದಳು. ಅಕ್ಕಪಕ್ಕದ ಅಂಗಡಿಯವರೂ ಬಂದು ನಿಂತರು. ಮೊದಲಿಗೆ ಹೊರಮೈಗೆ ಅಂಟಿದ್ದ ಎರಡು ಗುಳ್ಳೆ ಬಿಟ್ಟುಕೊಂಡು ಬಂದವು. ಸುಭದ್ರಕ್ಕನ ಮುಖ ಬಿಳುಚಿತು.

"ಅವು ಹೊರಗಿನವು ಅತ್ಯಾ. ಅವು ಲೆಕ್ಕಕ್ಕಿಲ್ಲ. ತಡಿ."

ತಡೆದೆವು. ಏನೂ ಬರಲಿಲ್ಲ. ವಸು ನೂರರ ತನಕ ಹಿಂದಿಯಲ್ಲಿ ಎಣಿಸಿದಳು. ಸುಭದ್ರಕ್ಕ ಕೈ ತೆಗೆಯಲಿಲ್ಲ. ಮತ್ತೊಮ್ಮೆ ನೂರು ಎಣಿಸಲು ಹೇಳಿದರು. ಗಂಟೆ ಎರಡಾಗಿತ್ತು. ನನ್ನ ಹಿಟ್ಟಿನ ಗತಿ ಗೊತ್ತಿದ್ದರೂ ನಾನು ಸುಮ್ಮನೆ ನಿಂತೆ.

ಹದಿನೈದು ದಿನಕ್ಕೆ ಗದಗಿನಿಂದ ಕಾಗದ ಬಂತು. ಸುಭದ್ರಕ್ಕ ತಾವೇ ಬರೆದಿದ್ದರು. ಸಮಾರಾಧನೆಯ ದಿನ ಬಂದವರೆದುರು ಬೆಸುಗೆ ಬಿಡಿಸುವ ಮೊದಲು ಬಿಸಿನೀರಿನ ಪಾತ್ರೆ ತರಿಸಿ ಗಿಂಡಿಯನ್ನು ಮಗುಚಿ ಅದ್ದಿ ತೋರಿಸಿದರಂತೆ. ಇದೇನು ಹೊಸ ಪದ್ಧತಿ ಎಂದು ಹೆಂಗಸರು ಗುಸುಗುಸು ಮಾಡಿದರಂತೆ. ನಾಲ್ಕು ವರ್ಷದ ಹಿಂದಿನ ತೂತಿನ ಕತೆಯನ್ನು ಇವರು ಎಲ್ಲರಿಗೂ ಕೇಳುವಂತೆ ಹೇಳಿ, ಆಮೇಲೆ ಬಾಯಿ ಬಿಡಿಸಿದರಂತೆ. "ನೀರು ಕಂಠದ ತನಕ ಇತ್ತು," ಎಂದು ಬರೆದಿದ್ದರು. "ಮೊದಲ ತೀರ್ಥ ನಮ್ಮ ಅತ್ತೆಯ ಫೋಟೋದ ಮುಂದೆ ಇಟ್ಟೆ. ಆರತಿ ನಾನೇ ಮಾಡಿದೆ. ವಸುಗೆ ಹೇಳು."

ಹೇಳಲು ಹೋದೆ. ಬಚ್ಚಲ ಬಾಗಿಲು ಮುಚ್ಚಿತ್ತು. ವಸುವಿನ ಈ ಪರೀಕ್ಷೆಯ ಸುದ್ದಿ ಕೇದಾರ ಘಾಟಿನ ಕನ್ನಡದವರಲ್ಲೆಲ್ಲ ಹಬ್ಬಿ, ಊರಿಗೆ ಹೊರಟವರು ಗಿಂಡಿಗಳನ್ನು ನಮ್ಮ ಮನೆಗೇ ತರತೊಡಗಿದ್ದರು. ಆ ದಿನ ಮೂರು ಮನೆಯ ಹನ್ನೊಂದು ಗಿಂಡಿ, ಅದ್ದಲು ಅವರೇ ತಂದುಕೊಟ್ಟ ಒಂದು ಕೊಡ ಗಂಗೆ. ಕಾಯಿಸುವ ಇದ್ದಿಲು ಮಾತ್ರ ನನ್ನದು. ನನ್ನ ಸ್ನಾನದ ನೀರು ಹಂಡೆಯಲ್ಲಿ ತಣ್ಣಗಾಗಿತ್ತು.

"ವಸೂ, ಅತ್ಯಾನ ಕಾಗದ ಬಂದದ. ಗಂಗಾ ಕಂಠದ ತನಕ ಇದ್ದಳಂತ."

"ಗೊತ್ತಿತ್ತು ನಂಗ," ಎಂದಿತು ಒಳಗಿನ ದನಿ. "ಈಗ ಮಾತಾಡ್ಸಬ್ಯಾಡ ಅವ್ವಾ, ಎಣಿಕಿ ತಪ್ಪತದ."

ನಾನು ಕಾಗದ ಮಡಿಸಿ, ಅವಳ ಕೈಗೆ ಸಿಕ್ಕದಂತೆ ಬೇಳೆ ಡಬ್ಬಿಯ ಹಿಂದೆ ಇಟ್ಟೆ. ಆಮೇಲೆ ತಣ್ಣೀರಿನಲ್ಲೇ ಸ್ನಾನ ಮಾಡಲು ಆ ಹನ್ನೊಂದು ಮುಗಿಯುವುದನ್ನು ಕಾಯುತ್ತ ಬಾಗಿಲ ಹೊರಗೆ ಕೂತೆ.